ಶಿಕ್ಕಾ ಬಿದ್ದ ಸುಳ್ಳು

ಅಂದು ಮಧ್ಯಾಹ್ನ ತಾರ್ನಾಕದ ನಮ್ಮ ಆಫೀಸಿಗೆ ಲಡ್ಡು ತರಿಸಿದವಳು ನಾನೇ. ನಾವು ಸುಳ್ಳೆಂದು ಸಾಬೀತು ಮಾಡಿ ಹೊರಬಿಟ್ಟಿದ್ದ ಒಂದು ಚಿತ್ರ ಊರೆಲ್ಲ ಸುತ್ತಿ ನಮ್ಮ ನಂಬರಿಗೇ ವಾಪಸು ಬರತೊಡಗಿತ್ತು. ಒಂದೇ ಚಿತ್ರದ ಬೇರೆ ಬೇರೆ ಪ್ರತಿಗಳನ್ನು ಗುರುತು ಹಿಡಿದು ಒಟ್ಟು ಮಾಡುವ ವ್ಯವಸ್ಥೆ ನಮ್ಮಲ್ಲಿತ್ತು. ಆ ರಾಶಿ ಗಂಟೆಗಂಟೆಗೂ ಬೆಳೆಯುತ್ತಿತ್ತು. ನಮ್ಮ ಉತ್ತರ ಅಷ್ಟು ಜನರಿಗೆ ಮುಟ್ಟಿತೆಂದು ನಮಗೆ ಖುಷಿ.

"ನೋಡಿ ಮಾರಾಯ್ರೆ, ನಮ್ಮದೇ ಚಿತ್ರ ನಮಗೇ ಬರ್ತಾ ಉಂಟು! ಇನ್ನೆಂತ ಬೇಕು?" ಎಂದು ನಮ್ಮ ಇಂಜಿನಿಯರ್ ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದರು. ಉಡುಪಿ ಕಡೆಯವರು, ಮಣಿಕೊಂಡದಿಂದ ದಿನಾ ಬೈಕಿನಲ್ಲಿ ಬರುವವರು. ಸಾಮಾನ್ಯವಾಗಿ ಅವರಿಗೆ ಖುಷಿಯಾದದ್ದು ಗೊತ್ತಾಗುವುದೇ ಇಲ್ಲ.

ನಮ್ಮದು ಸುದ್ದಿ ಪರಿಶೀಲಿಸುವ ಸಣ್ಣ ಸಂಸ್ಥೆ. ಮೊಬೈಲಿಗೆ ಬಂದ ಫಾರ್ವರ್ಡ್ ನಿಜವೋ ಸುಳ್ಳೋ ಎಂದು ಅನುಮಾನ ಬಂದವರು ಅದನ್ನು ನಮ್ಮ ನಂಬರಿಗೆ ಕಳಿಸುತ್ತಾರೆ. ನಾವು ವಿಚಾರಿಸಿ ಉತ್ತರ ಕೊಡುತ್ತೇವೆ. ತೆಲುಗು, ಹಿಂದಿಗೆ ಬೇರೆಯವರಿದ್ದರು, ಕನ್ನಡಕ್ಕೆ ನಾನೊಬ್ಬಳೇ. ಕಾಚಿಗೂಡದಲ್ಲಿ ಹುಟ್ಟಿ, ಮನೆಯೊಳಗೆ ರಾಯಚೂರು ಕಡೆಯ ಕನ್ನಡ, ಹೊಸಿಲು ದಾಟಿದರೆ ತೆಲುಗು, ಹಿಂದಿ ಆಡಿಕೊಂಡು ಬೆಳೆದವಳು. ನಮ್ಮೆಲ್ಲರ ಮೇಲೆ ಸಂಪಾದಕರು. ತೆಲುಗು ಪತ್ರಿಕೆಯೊಂದರಲ್ಲಿ ತಲೆ ನರೆಯುವವರೆಗೆ ದುಡಿದು ಬಂದ ಅವರಿಗೆ ತಮ್ಮ ಒಂದು ಸೃಷ್ಟಿಯ ಮೇಲೆ ಬಹಳ ಅಭಿಮಾನವಿತ್ತು. ಅದು ಶಿಕ್ಕಾ, ಅಂದರೆ ಮೊಹರು.

ಸುದ್ದಿ ಸುಳ್ಳೆಂದು ಖಚಿತವಾದ ಕೂಡಲೇ ಆ ಚಿತ್ರದ ಮೇಲೆ ಅಡ್ಡಡ್ಡವಾಗಿ ಒಂದು ದುಂಡನೆಯ ಕೆಂಪು ಶಿಕ್ಕಾ ಒತ್ತುತ್ತಿದ್ದೆವು. ನಡುವೆ 'ಸುಳ್ಳು' ಎಂದು ಬರಹ, ಸುತ್ತ ನಮ್ಮ ಸಂಸ್ಥೆಯ ಹೆಸರು, ಕೆಳಗೆ ನಂಬರು. ನೋಡಲು ಗಟ್ಟಿಯಾಗಿತ್ತು. ಪತ್ರಿಕೆಗಳವರು ಅದನ್ನು ಇದ್ದ ಹಾಗೆಯೇ ಅಚ್ಚು ಹಾಕುತ್ತಿದ್ದರು. ಯಾರಾದರೂ ಅತಿಥಿ ಬಂದರೆ ಸಂಪಾದಕರು ಮೊದಲು ತೋರಿಸುತ್ತಿದ್ದುದೇ ಅದನ್ನು.

ವಾಪಸು ಬರುತ್ತಿದ್ದದ್ದು ಗುಳಿಗೆಯ ಚಿತ್ರ. ಬಸುರಿಯರಿಗೆ ದವಾಖಾನೆಯಲ್ಲಿ ಕೊಡುವ ಕಬ್ಬಿಣಾಂಶದ ಗುಳಿಗೆ ನುಂಗಿದರೆ ಕೂಸು ಹೊಟ್ಟೆಯಲ್ಲೇ ಹೋಗುತ್ತದೆ, ಎಲ್ಲರಿಗೂ ತಿಳಿಸಿ ಎಂದು ಅದರ ಕೆಳಗೆ ಬರೆದಿತ್ತು. ಇದರ ಪರಿಶೀಲನೆಗೆ ನಾನು ಚೆನ್ನಾಗಿ ಬೆವರು ಹರಿಸಿದ್ದೆ. ಚಿತ್ರವನ್ನು ಹಿಗ್ಗಿಸಿ ನೋಡಿದೆ, ಗುಳಿಗೆಯ ಪಟ್ಟಿಯ ಮೇಲಿನ ಅಕ್ಷರ ನಮ್ಮ ದೇಶದ್ದಲ್ಲ. ಅದೇ ಚಿತ್ರ ಹಿಂದೆ ಎಲ್ಲೆಲ್ಲಿ ಬಂದಿದೆ ಎಂದು ಹುಡುಕುತ್ತಾ ಹೋದರೆ, ಬೇರಾವುದೋ ದೇಶದ ತಲೆನೋವಿನ ಮಾತ್ರೆಯ ಜಾಹೀರಾತು ಸಿಕ್ಕಿತು. ಔಷಧ ಇಲಾಖೆಯ ಅಧಿಕಾರಿಯನ್ನು ಕೇಳಿದೆ. ಸರ್ಕಾರಿ ಹೆರಿಗೆ ಆಸ್ಪತ್ರೆಯ ಹಿರಿಯ ಡಾಕ್ಟರಮ್ಮ, ಬಸುರಿಯರಿಗೆ ಈ ಗುಳಿಗೆ ಯಾಕೆ ಬೇಕು ಎಂದು ಬಿಡಿಸಿ ಹೇಳಿದರು. ಎಲ್ಲವನ್ನೂ ಬರೆದು, ಇಬ್ಬರಿಂದ ಓದಿಸಿ, ಶಿಕ್ಕಾ ಒತ್ತಿ ಬಿಟ್ಟೆ. ಕೆಲಸ ಮುಗಿಯಿತು ಎಂದುಕೊಂಡೆ.

ಲಡ್ಡು ಬಾಯಿಗಿಟ್ಟುಕೊಂಡು ಆ ರಾಶಿಯನ್ನು ತೆರೆದೆ. ಒಂದು ಚಿತ್ರದ ಜೊತೆ ಧ್ವನಿ ಸಂದೇಶವಿತ್ತು. ವಯಸ್ಸಾದ ಹೆಂಗಸಿನ ದನಿ, ಹಿಂದೆ ಕಾಂಕ್ರೀಟು ಕಲೆಸುವ ಯಂತ್ರದ ಸದ್ದು.

"ಸಾಹೇಬರ, ನೀವು ಶಿಕ್ಕಾ ಹಾಕಿ ಕಳಿಸಿದ್ದು ಮುಟ್ಟೈತಿ. ಗುಳಿಗಿ ಬ್ಯಾಡ ಅಂತ ನಮ್ಮ ಶೆಡ್ಡಿನ ಬಸುರೇರಿಗೆಲ್ಲಾ ಹೇಳೀನಿ. ನಮ್ಮ ಸೊಸೀದೂ ನಿಂದರಿಸೀನಿ. ಆಕಿಗೆ ಹೋದ ವರ್ಷ ಒಂದು ಹೊಟ್ಯಾಗ ಹೋಗೈತ್ರಿ, ಅದಕ್ಕ ಅಂಜಿಕಿ. ಇನ್ನ ಯಾವ ಯಾವ ಗುಳಿಗಿ ಬ್ಯಾಡ, ಅದನ್ನೂ ಹಿಂಗ ಶಿಕ್ಕಾ ಹಾಕಿ ಕಳಸ್ರಿ. ನಿಮಗ ಪುಣ್ಯ ಬರ್ತೈತಿ."

ಉಳಿದ ಲಡ್ಡುವನ್ನು ಪಕ್ಕಕ್ಕಿಟ್ಟು ಆ ದನಿಯನ್ನು ಮತ್ತೊಮ್ಮೆ ಕೇಳಿದೆ. ಆಕೆ ನಮ್ಮನ್ನು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆಕೆ ನಮ್ಮನ್ನು ನಂಬಿದ್ದಳು.

ಅವಳ ತಪ್ಪೇನೂ ಇಲ್ಲ ಎಂದು ನನಗೆ ಆ ಕ್ಷಣದಲ್ಲೇ ಹೊಳೆಯಿತು. ನಮ್ಮ ಕಡೆ ತಹಸೀಲಿಗೆ ಹೋಗಲಿ, ಪಂಚಾಯ್ತಿಗೆ ಹೋಗಲಿ, ಜನ ಕೇಳುವುದು ಒಂದೇ ಮಾತು: ಶಿಕ್ಕಾ ಬಿತ್ತೇನು? ಶಿಕ್ಕಾ ಬಿದ್ದರೆ ಅದು ಖರೆ, ಬೀಳದಿದ್ದರೆ ಬರೀ ಕಾಗದ. ಅದರೊಳಗೆ ಏನು ಬರೆದಿದೆ ಎಂದು ಯಾರು ಓದುತ್ತಾರೆ? ನಮ್ಮ ಮನೆಯ ರೇಷನ್ ಕಾರ್ಡಿನ ಮೇಲಿನ ಶಿಕ್ಕಾದಲ್ಲಿ ಏನಿದೆ ಎಂದು ನಾನೂ ಇವತ್ತಿನವರೆಗೆ ಓದಿಲ್ಲ. ಹಾದಿಹೋಕ ಸುಳ್ಳೊಂದಕ್ಕೆ ನಾವೇ ಅಧಿಕಾರಿಯ ಮೊಹರು ಒತ್ತಿ ಕೊಟ್ಟಿದ್ದೆವು.

ಸಂಪಾದಕರಿಗೆ ಆ ದನಿ ಕೇಳಿಸಿ, ತೆಲುಗಿನಲ್ಲಿ ಅರ್ಥ ಹೇಳಿದೆ. "ಏಮ್ಮಾ, ಒಬ್ಬ ಮುದುಕಿ ತಪ್ಪು ತಿಳಿದಳು ಅಂತ ಶಿಕ್ಕಾ ತೆಗೆಯಬೇಕಾ?" ಎಂದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಒಬ್ಬಳಲ್ಲ ಎಂದು ಕೂಗಾಡಿದೆ. ಇಂಜಿನಿಯರ್ ಆ ರಾಶಿಯಲ್ಲಿದ್ದ ಉಳಿದ ಧ್ವನಿ ಸಂದೇಶಗಳನ್ನೆಲ್ಲ ಸಾಲಾಗಿ ಹಾಕಿ ಕೇಳಿಸಿದರು. ಕನ್ನಡದವರು, ಮರಾಠಿಯವರು, ಮೆಹಬೂಬನಗರ ಕಡೆಯ ತೆಲುಗಿನವರು. ಎಲ್ಲರ ಮಾತಲ್ಲೂ ಅದೇ ಶಿಕ್ಕಾ. ಸಂಪಾದಕರು ಕನ್ನಡಕ ತೆಗೆದು ಒರೆಸಿಕೊಂಡು, "ಆ ಹೆಂಗಸು ಎಲ್ಲಿದ್ದಾಳೆ, ಕೇಳು. ಹೋಗೋಣ" ಎಂದರು.

ಕೇಳಿದವರಿಗೆ ತಿರುಗಿ ಫೋನು ಮಾಡುವಂತಿಲ್ಲ ಎಂಬುದು ನಮ್ಮ ನಿಯಮ. ಅದಕ್ಕೆ ಮೊದಲು ಒಂದು ಸಂದೇಶ ಕಳಿಸಿ ಅಪ್ಪಣೆ ಕೇಳಿದೆ. ಆಕೆ ತಕ್ಷಣ ಬರ್ರಿ ಎಂದಳು.

ಮಣಿಕೊಂಡದಾಚೆ ಎದ್ದು ನಿಲ್ಲುತ್ತಿದ್ದ ಒಂದು ದೊಡ್ಡ ಕಟ್ಟಡದ ಹಿಂದೆ ತಗಡಿನ ಶೆಡ್ಡುಗಳ ಸಾಲು. ಅಲ್ಲಿ ಹೆಚ್ಚಿನವರು ಕೊಪ್ಪಳ, ರಾಯಚೂರು ಕಡೆಯವರು. ಆಕೆ ಬಾಗಿಲಲ್ಲೇ ಕಾಯುತ್ತಿದ್ದಳು. ಹಣೆಗೆ ಅಗಲವಾದ ಕುಂಕುಮ, ಕೈಯಲ್ಲಿ ಸಿಮೆಂಟಿನ ಬಿಳುಪು. ಆ ಶೆಡ್ಡುಗಳ ಹೆಂಗಸರೆಲ್ಲ ಮಾತು ಕೇಳುವಂಥ ಗತ್ತು ಅವಳಿಗಿತ್ತು. ಒಳಗೆ ಗೋಡೆಗೊರಗಿ ಕೂತಿದ್ದ ಸೊಸೆ ನಮ್ಮನ್ನು ಕಂಡು ಏಳಲು ನೋಡಿ, ಕಣ್ಣು ಕತ್ತಲೆ ಬಂದು ಹಾಗೆಯೇ ಕುಸಿದು ಕೂತಳು. ಏಳು ತಿಂಗಳಂತೆ. ತುಟಿ, ಉಗುರು ಬೆಳ್ಳಗಾಗಿದ್ದವು.

"ಮುಂಜಾನಿಂದ ಹಿಂಗ ಐತ್ರಿ ಆಕೀದು. ಹೊಟ್ಟಿ ಭಾರ, ಅದಕ್ಕ" ಎಂದಳು ಅತ್ತೆ.

ಸಂಪಾದಕರು ತಮ್ಮ ಫೋನಿನಲ್ಲಿ ಬೇರೊಂದು ಶಿಕ್ಕಾ ಬಿದ್ದ ಚಿತ್ರ ತೆಗೆದು, ಪಕ್ಕದ ಶೆಡ್ಡಿನ ಗಂಡಸೊಬ್ಬನಿಗೆ ತೋರಿಸಿ ಹಿಂದಿಯಲ್ಲಿ ಇದೇನು ಎಂದರು. "ಸರ್ಕಾರ್ ಕಾ ಹೈ ಸಾಬ್" ಎಂದ ಆತ, ಒಂದಿಷ್ಟೂ ಯೋಚಿಸದೆ. ಸಂಪಾದಕರು ಫೋನು ಜೇಬಿಗಿಟ್ಟುಕೊಂಡರು. ಆಮೇಲೆ ಅವರು ಶಿಕ್ಕಾ ಪರವಾಗಿ ಒಂದು ಮಾತೂ ಆಡಲಿಲ್ಲ.

ನಾನು ಅತ್ತೆಯ ಎದುರು ಕೂತು ಹೇಳಿದೆ: ಅಮ್ಮಾ, ಆ ಸುದ್ದಿ ಸುಳ್ಳು, ಶಿಕ್ಕಾ ಹಾಕಿದ್ದು ಸುಳ್ಳು ಅಂತ ಹೇಳಲಿಕ್ಕೆ. ಆಕೆ ನನ್ನ ಮುಖ ನೋಡಿದಳು. "ಹಂಗಾದ್ರ ಸುಳ್ಳಿಗೆ ಯಾಕ ಶಿಕ್ಕಾ ಒತ್ತಿದ್ರಿ?" ಎಂದಳು. ಆಕೆಗೆ ನನ್ನ ಮೇಲೆ ನಂಬಿಕೆ ಬರಲಿಲ್ಲ. ಶಿಕ್ಕಾ ಹಾಕಿದ ಆಫೀಸು ದೊಡ್ಡದು, ಬಸ್ಸಿನಲ್ಲಿ ಬಂದಿಳಿದ ನಾನು ಯಾರೋ. "ನೋಡೂಣ" ಎಂದಳು, ಅಷ್ಟೆ. ಆ ಭಾಗದ ನರ್ಸಮ್ಮನಿಗೆ ಫೋನು ಮಾಡಿ ಸೊಸೆಯ ಸ್ಥಿತಿ ತಿಳಿಸಿ ಬಂದೆವು. ನರ್ಸಮ್ಮ ಹೋಗಿ ನೋಡಿ, ರಕ್ತ ತೀರಾ ಕಡಿಮೆಯಿದೆ, ಗುಳಿಗೆ ಕೊಟ್ಟರೆ ಅತ್ತೆ ಕೈಯಲ್ಲಿ ಇಸಕೊಂಡು ಡಬ್ಬಿಗೆ ಹಾಕಿಡುತ್ತಾಳೆ, ಹೀಗೇ ಆದರೆ ಹೆರಿಗೆ ಹೊತ್ತಿಗೆ ಕಷ್ಟ ಎಂದರು.

ಅಲ್ಲಿಂದ ಮುಂದೆ ಆಫೀಸಿನಲ್ಲಿ ಬೇರೆ ಕೆಲಸ ನಿಂತಿತು. ಶಿಕ್ಕಾ ತೆಗೆದೆವು. ಬದಲಿಗೆ ಇಂಜಿನಿಯರ್ ಚಿತ್ರದ ಮೇಲೆ ಒಂದನ್ನೊಂದು ಕತ್ತರಿಸುವ ಎರಡು ದೊಡ್ಡ ಕೆಂಪು ಗೆರೆಗಳನ್ನು ಎಳೆದರು. ಹೊರಬಿಡುವ ಮೊದಲು ಶೆಡ್ಡಿಗೆ ಹೋಗಿ ತೋರಿಸೋಣ ಎಂದೆ. ಹಿಂದೆಲ್ಲ ನಾವು ಹೊಸದೇನಾದರೂ ಮಾಡಿದರೆ 'ಹೇಗಿದೆ, ಇಷ್ಟವಾಯಿತಾ' ಎಂದು ಕೇಳುತ್ತಿದ್ದೆವು, ಎಲ್ಲರೂ ಚಲೋ ಐತಿ ಎನ್ನುತ್ತಿದ್ದರು. ಈ ಸಲ 'ಇದನ್ನು ನೋಡಿದ ಮೇಲೆ ನೀವು ಏನು ಮಾಡುತ್ತೀರಿ' ಎಂದು ಮಾತ್ರ ಕೇಳುವುದೆಂದು ಗೊತ್ತುಮಾಡಿಕೊಂಡೆವು. ಮೊದಲು ನೋಡಿದ ಹೆಂಗಸೇ, "ಕೆಂಪು ಗುರ್ತು ಐತಲ್ರಿ, ದವಾಖಾನೀದು" ಎಂದಳು. ಎರಡನೆಯವಳೂ ಹೌದೆಂದಳು. ಆಸ್ಪತ್ರೆ ಗಾಡಿಯ ಮೇಲಿನ ಗುರುತಿನ ಹಾಗೆ ಕಂಡಿತ್ತು ಅವರಿಗೆ. ಇಂಜಿನಿಯರ್ ತಲೆ ಮೇಲೆ ಕೈಹೊತ್ತು ಕೂತರು.

ಆ ಸುಳ್ಳು ಚಿತ್ರವನ್ನು ಮತ್ತೆ ತೋರಿಸುವುದೇ ಬೇಡ, ಉತ್ತರವನ್ನು ದನಿಯಲ್ಲಿ ಕಳಿಸೋಣ ಎಂದು ತೀರ್ಮಾನಿಸಿದೆವು. ಇಂಜಿನಿಯರ್ ಯಂತ್ರದ ದನಿ ತಯಾರಿಸಿದರು. ಅದನ್ನು ಕೇಳಿಸಿದಾಗ ಶೆಡ್ಡಿನ ಹೆಂಗಸರು ಸೆರಗು ಬಾಯಿಗಿಟ್ಟು ನಗಾಡಿದರು. "ಕಾಚಿಗೂಡ ಟೇಸನ್ಯಾಗ ಗಾಡಿ ಬಂತು ಅಂತ ಹೇಳಾಕಿ ಇದ್ದಂಗ ಅದಾಳಲ್ರಿ ಈಕಿ!" ಎಂದಳು ಒಬ್ಬಳು. ಗೋಡೆಗೊರಗಿದ್ದ ಸೊಸೆ ಕೂಡ ನಕ್ಕಳು. ಅವಳು ನಕ್ಕದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಹಾಗಾದರೆ ನನ್ನದೇ ದನಿ ಎಂದಾಯಿತು. ನಾನು ಬಹಳ ಶ್ರದ್ಧೆಯಿಂದ ಬರೆದುಕೊಂಡು ಓದಿದೆ. ಚಿತ್ರ ಎಲ್ಲಿಯದು, ಹೇಗೆ ಪತ್ತೆಯಾಯಿತು, ಅಧಿಕಾರಿ ಏನೆಂದರು, ಕಬ್ಬಿಣಾಂಶ ಎಂದರೇನು, ಎಲ್ಲ ಬಂತು. ಪತ್ತೇದಾರಿ ಮಾಡಿದವಳಿಗೆ ಅದನ್ನು ಹೇಳಿಕೊಳ್ಳುವ ಚಪಲ ಇದ್ದೇ ಇರುತ್ತದೆ. ಅತ್ತೆ ಅರ್ಧಕ್ಕೇ ಕೈ ಎತ್ತಿದಳು.

"ಅಕ್ಕಾರ, ನೀವು ಊರು ಸುತ್ತಿ ಬಂದ್ರಿ, ಖರೆ. ನುಂಗಬೇಕೋ ಬ್ಯಾಡೋ, ಅಷ್ಟ ಮೊದಲ ಹೇಳ್ರಿ. ಆಮ್ಯಾಲೆ ಯಾರು ಹೇಳಿದ್ದು ಅಂತ ಹೇಳ್ರಿ."

ಸಿಟ್ಟು ಬಂತು. ಅಷ್ಟು ಕಷ್ಟಪಟ್ಟದ್ದಕ್ಕೆ ಬೆಲೆಯೇ ಇಲ್ಲವೇ ಎನಿಸಿತು. ಆಫೀಸಿನಲ್ಲೂ ಜಗಳವಾಯಿತು. ನುಂಗಿ ಎಂದು ಹೇಳಲು ನಾವೇನು ಡಾಕ್ಟರೇ ಎಂದು ಸಂಪಾದಕರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಕೊನೆಗೆ ಹೆರಿಗೆ ಆಸ್ಪತ್ರೆಯ ಡಾಕ್ಟರಮ್ಮನ ಬಳಿ ಕೂತು ಒಂದೊಂದು ಮಾತನ್ನೂ ತೂಗಿ ಬರೆದೆವು. ಆರೋಗ್ಯದ ವಿಷಯಕ್ಕೆ ಅವರು ಒಪ್ಪಿದ ಮಾತೇ ಹೊರಗೆ ಹೋಗಬೇಕು. ಮೊದಲು ಏನು ಮಾಡಬೇಕು, ಆಮೇಲೆ ಹೇಳಿದವರು ಯಾರು, ಆಮೇಲೆ ಹತ್ತಿರದಲ್ಲಿ ಯಾರನ್ನು ಕೇಳಬೇಕು, ಕೊನೆಗೆ ಸುಳ್ಳು ಸುದ್ದಿ ಹಬ್ಬಿಸಬೇಡಿ ಎಂಬ ನಮ್ಮ ಮಾಮೂಲಿ ಸಾಲು. ನನ್ನ ಪತ್ತೇದಾರಿ ಕಥೆ ಬೇಕಾದವರಿಗೆ ಕೆಳಗೆ ಒಂದು ಕೊಂಡಿಯಲ್ಲಿ ಇರಲಿ ಎಂದಾಯಿತು. ಅದನ್ನು ಒತ್ತಿ ಓದುವವರೂ ಇದ್ದಾರೆ, ಅವರಿಗೆ ಅದು ಬೇಕು. ಆದರೆ ಬಾಗಿಲಲ್ಲಿ ನಿಂತವರಿಗೆ ಮೊದಲು ಒಳಗೆ ಬರಬೇಕೋ ಬೇಡವೋ ಗೊತ್ತಾಗಬೇಕು.

ಹೊಸ ಸಂದೇಶ ಅತ್ತೆಗೆ ಅರ್ಥವಾಯಿತು. ಅಲ್ಲೇ ಇದ್ದ ನರ್ಸಮ್ಮನೂ ಹೌದೆಂದರು. ಆಕೆ ಡಬ್ಬಿ ತೆಗೆದು ಗುಳಿಗೆಗಳನ್ನು ನೋಡುತ್ತ ಕೂತಳು, ಆದರೆ ಸೊಸೆಯ ಕೈಗೆ ಕೊಡಲಿಲ್ಲ.

"ಇದನ್ನ ನೀವು ಮೊದಲು ಹೇಳಿದವರಿಗೆಲ್ಲ ಕಳಿಸಿಬಿಡಿ ಅಮ್ಮಾ" ಎಂದೆ.

ಆಕೆ ಫೋನು ಮಗುಚಿಟ್ಟಳು. "ನಾ ಕಳಸೂದಿಲ್ಲ."

"ಯಾಕೆ?"

"ಇದರಾಗ 'ಸುಳ್ಳು ಸುದ್ದಿ ಹಬ್ಬಿಸಬೇಡಿ' ಅಂತ ಹೇಳೀರಿ. ಹಬ್ಬಿಸಿದಾಕಿ ಯಾರು? ನಾನು. ಈ ಶೆಡ್ಡಿನಾಗ ನನ್ನ ಮಾತು ನಡೀತೈತಿ, ಊರಾಗ ನಮ್ಮ ಮಂದಿ ಅದಾರ. ನಾನ ಸುಳ್ಳಿ ಅಂತ ನಾನ ಡಂಗುರ ಹೊಡೀಲೇನು? ಸೊಸಿಗೆ ಈಗ ಗುಳಿಗಿ ಕೊಟ್ಟರ ನಾಳಿಗೆ ಎಲ್ಲಾರೂ ನನ್ನ ಬಾಯಿಗೆ ಬಂದಂಗ ಅಂತಾರ."

ಸೊಸೆ ಮೆಲ್ಲಗೆ, "ಯಾರು ಏನಂದ್ರೂ ಅನ್ಲಿ ಬಿಡ್ರಿ ಅತ್ತಿ" ಎಂದಳು. ಅತ್ತೆ ಕೇಳಿಸಿಕೊಳ್ಳದವರ ಹಾಗೆ ಹೊರಗೆ ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು.

ವಾಪಸಾಗುವಾಗ ಬಸ್ಸಿನಲ್ಲಿ ಸಂಪಾದಕರೂ ನಾನೂ ಒಂದೇ ಸೀಟಿನಲ್ಲಿ ಕೂತಿದ್ದೆವು. ನಾನು ಹೇಳಿದೆ, ತಪ್ಪು ನಮ್ಮದು ಎಂದು ನಾವೇ ಹೇಳಿಬಿಡೋಣ. ನಮ್ಮ ಶಿಕ್ಕಾದಿಂದ ನಿಮಗೆ ತಪ್ಪು ತಿಳಿವಳಿಕೆಯಾಯಿತು, ನಿಮ್ಮದೇನೂ ತಪ್ಪಿಲ್ಲ ಎಂದು. ಸತ್ಯ ಹೇಳುವ ಸಂಸ್ಥೆಯೇ ತಪ್ಪು ಒಪ್ಪಿಕೊಂಡರೆ ನಾಳೆ ನಮ್ಮನ್ನು ಯಾರು ನಂಬುತ್ತಾರೆ ಎಂಬ ಭಯ ಅವರದು. ಸುಳ್ಳು ಹಬ್ಬಿಸುವವರು ಇದನ್ನೇ ಎತ್ತಿ ಆಡುತ್ತಾರೆ ಎಂಬುದೂ ನಿಜವೇ. ನನಗೂ ಭಯವಿತ್ತು. ಆದರೆ ಆ ಬೆಳ್ಳಗಾದ ಉಗುರುಗಳು ಕಣ್ಣ ಮುಂದಿಂದ ಹೋಗುತ್ತಿರಲಿಲ್ಲ. ಸಾರ್, ನಮ್ಮ ಮರ್ಯಾದೆ ಉಳಿಸಿಕೊಳ್ಳಲು ಆಕೆಯ ಮರ್ಯಾದೆ ತೆಗೆಯಬೇಕಾ ಎಂದೆ. ತಾರ್ನಾಕದಲ್ಲಿ ಇಳಿಯುವಾಗ ಅವರು, "ಬರಿ. ನನ್ನ ಹೆಸರು ಹಾಕಿ ಬರಿ" ಎಂದರು.

ಮರುದಿನವೇ ದನಿ ಮುದ್ರಿಸಿದೆ, ನಮ್ಮ ಮನೆಯ ಕನ್ನಡದಲ್ಲಿ. "ಬಸುರಿ ಹೆಣ್ಣಮಕ್ಕಳು ದವಾಖಾನಿಯಾಗ ಕೊಟ್ಟ ಕಬ್ಬಿಣದ ಗುಳಿಗಿ ನುಂಗ್ರಿ, ನಿಂದರಿಸಬ್ಯಾಡ್ರಿ. ಹೆರಿಗಿ ದವಾಖಾನಿ ಡಾಕ್ಟರಮ್ಮ ಹೇಳ್ಯಾರ. ಅನುಮಾನ ಇದ್ರ ನಿಮ್ಮ ನರ್ಸಮ್ಮನ್ನ ಕೇಳ್ರಿ. ನಾವು ಹಾಕಿದ ಶಿಕ್ಕಾ ನೋಡಿ ನೀವು ಬ್ಯಾರೆ ತಿಳಕೊಂಡ್ರಿ, ಅದು ನಮ್ಮ ತಪ್ಪು, ನಿಮ್ಮದಲ್ಲ. ನೀವು ನಿಮ್ಮವರ ಚಿಂತಿಗೆ ಕಳಿಸಿದ್ರಿ. ಈಗ ಅದೇ ಮಂದಿಗೆ ಇದನ್ನೂ ಕಳಸ್ರಿ." ಸಂಪಾದಕರ ಹೆಸರಿನೊಂದಿಗೆ ಮುಗಿಯಿತು. ತೆಲುಗಿನಲ್ಲಿ ಅವರೇ ಮುದ್ರಿಸಿದರು. ಆ ಚಿತ್ರ ಕಳಿಸಿ ಕೇಳಿದ್ದ ಎಲ್ಲರಿಗೂ ಇಂಜಿನಿಯರ್ ರವಾನಿಸಿದರು.

ಬೈಗುಳ ಬಂದವು, ಸುಳ್ಳಾಡುವುದಿಲ್ಲ. ಮೊದಲೇ ಬುದ್ಧಿ ಇರಲಿಲ್ಲವೇ ಎಂದರು ಕೆಲವರು. ನಮ್ಮ ಶಿಕ್ಕಾ ಅಚ್ಚು ಹಾಕುತ್ತಿದ್ದ ಒಂದು ಪತ್ರಿಕೆಯವರು ನಮ್ಮ ಜೊತೆಗಿನ ಒಪ್ಪಂದವನ್ನೇ ಬಿಟ್ಟರು. ನಾನು ಉಗುರು ಕಚ್ಚುತ್ತ ಪರದೆ ನೋಡುತ್ತಿದ್ದೆ.

ಆಮೇಲೆ ಆ ರಾಶಿ ಮತ್ತೆ ಬೆಳೆಯಿತು. ಈ ಸಲ ವಾಪಸು ಬರುತ್ತಿದ್ದದ್ದು ನನ್ನ ದನಿ. "ಇದು ನೀವ ಮಾತಾಡಿದ್ದೇನ್ರಿ?" ಎಂದು ಕೇಳಲು ಕಳಿಸುತ್ತಿದ್ದರು. ಹೌದು ಎಂದು ಒಬ್ಬೊಬ್ಬರಿಗೂ ಉತ್ತರಿಸಿದೆ. ನರ್ಸಮ್ಮ ಫೋನು ಮಾಡಿದರು. ಅತ್ತೆ ಆ ದನಿಯನ್ನು ಶೆಡ್ಡಿನ ಹೆಂಗಸರ ನಡುವೆ ನಿಂತು ಜೋರಾಗಿ ಹಾಕಿ, "ಕೇಳ್ರಿ, ಆಫೀಸಿನವರು ತಮ್ಮ ತಪ್ಪು ತಾವ ಒಪ್ಪಿಕೊಂಡಾರ" ಎಂದು ಹೆಮ್ಮೆಯಿಂದಲೇ ಹೇಳಿದಳಂತೆ. ಡಬ್ಬಿಯಲ್ಲಿದ್ದ ಗುಳಿಗೆ ಸೊಸೆಯ ಕೈಗೆ ಬಂತು. ಊಟವಾದ ಮೇಲೆ ಎದುರಿಗೆ ನಿಂತು ನುಂಗಿಸುತ್ತಿದ್ದಳಂತೆ. ರಕ್ತ ನಿಧಾನವಾಗಿ ಏರುತ್ತಿದೆ ಎಂದು ನರ್ಸಮ್ಮ ಆಮೇಲಾಮೇಲೆ ತಿಳಿಸುತ್ತಿದ್ದರು. ಪೂರ್ತಿ ಸರಿಹೋಗಲಿಲ್ಲ. ಹೆರಿಗೆಗೆ ದೊಡ್ಡ ಆಸ್ಪತ್ರೆಯೇ ಆಗಬೇಕು ಎಂದಿದ್ದರು.

ಒಂದು ಬೆಳಿಗ್ಗೆ ಆಗತಾನೆ ಆಫೀಸಿಗೆ ಬಂದು ಫ್ಯಾನು ಹಾಕಿದ್ದೆ. ಪರದೆಯ ಮೇಲೆ ಆ ಅತ್ತೆಯ ನಂಬರು. ದನಿ ಒತ್ತಿದೆ. ಎಳೆಗೂಸು ಅಳುವ ಸದ್ದಿಗೆ ಆಕೆಯ ಮಾತೇ ಸರಿಯಾಗಿ ಕೇಳಿಸಲಿಲ್ಲ.

"ಅಕ್ಕಾರ, ದವಾಖಾನಿಯಾಗ ಅದೀವ್ರಿ. ಸೊಸಿ ಹಡದಾಳ, ಹೆಣ್ಣಕೂಸು, ಇಬ್ಬರೂ ಆರಾಮ ಅದಾರ. ನಮ್ಮೂರ ಗ್ರೂಪಿನಾಗ ಒಂದು ಬಂದೈತ್ರಿ. ಮೊದಲನೇ ಹಳದಿ ಹಾಲು ವಿಷ ಇರ್ತೈತಿ, ಹಿಂಡಿ ಚೆಲ್ಲಿ ಜೇನುತುಪ್ಪ ನೆಕ್ಕಸ್ರಿ ಅಂತ. ನಾ ಯಾರಿಗೂ ಕಳಿಸಿಲ್ಲ. ಕೂಸು ಒಂದ ಸಮ ಅಳಾಕತ್ತೈತಿ, ನಾನು ಸೊಸಿಗೆ ತಡಿ ಅಂದೀನಿ. ಲಗೂ ಹೇಳ್ರಿ."

ಮೊದಲಿನ ಹಾಗಾಗಿದ್ದರೆ ಪರಿಶೀಲನೆ ಶುರುಮಾಡಿ, ಉತ್ತರ ಸಿದ್ಧವಾಗುವ ಹೊತ್ತಿಗೆ ಆ ಹಾಲು ಯಾವುದೋ ಮೋರಿ ಸೇರಿರುತ್ತಿತ್ತು. ಆದರೆ ತಾಯಿ-ಮಗುವಿನ ವಿಷಯದಲ್ಲಿ ಜನ ಮತ್ತೆ ಮತ್ತೆ ಕೇಳುವ ಮಾತುಗಳಿಗೆ ಡಾಕ್ಟರಮ್ಮ ಒಪ್ಪಿದ ಉತ್ತರಗಳನ್ನು ನಾವು ಮೊದಲೇ ಬರೆದಿಟ್ಟುಕೊಂಡಿದ್ದೆವು. ನಾನು ಅದನ್ನು ಓದಿಯೂ ನೋಡಲಿಲ್ಲ, ಬಾಯಿಗೇ ಬಂತು. "ಕುಡಿಸ್ರಿ ಅಮ್ಮಾ, ಈಗ ಕುಡಿಸ್ರಿ. ಆ ಹಾಲು ಕೂಸಿಗೆ ಭಾಳ ಚಲೋ. ಜೇನುತುಪ್ಪ ಹಚ್ಚಬ್ಯಾಡ್ರಿ. ಡಾಕ್ಟರಮ್ಮ ಹೇಳಿದ್ದು. ಅಲ್ಲೇ ಇರೋ ಸಿಸ್ಟರನ್ನ ಕರದು ಕೇಳ್ರಿ."

ಸಂದೇಶ ಹೋಯಿತು. ಆಕೆ ಕೇಳಿದಳೆಂದು ಗುರುತು ಬಿತ್ತು. ಆಮೇಲೆ ಏನೂ ಇಲ್ಲ. ಸಂಪಾದಕರು ಬಂದು ನನ್ನ ಕುರ್ಚಿಯ ಹಿಂದೆ ನಿಂತರು. ಇಂಜಿನಿಯರ್ ಹೆಲ್ಮೆಟ್ ತೆಗೆಯದೆಯೇ ನಿಂತಿದ್ದರು.

ದನಿ ಸಂದೇಶವೊಂದು ಬಂತು. ಒತ್ತಿದೆ. ಮೊದಲು ಏನೂ ಕೇಳಿಸಲಿಲ್ಲ. ಅಳು ನಿಂತಿತ್ತು. ಪಕ್ಕದ ಮಂಚದವರ ಮಾತು, ಯಾರದೋ ಬಳೆಯ ಸದ್ದು. ಆಮೇಲೆ ಆ ಗತ್ತಿನ ಹೆಂಗಸು, ನಾನೆಂದೂ ಕೇಳದಷ್ಟು ಮೆಲುದನಿಯಲ್ಲಿ, ಕೂಸು ಬೆದರೀತು ಎನ್ನುವ ಹಾಗೆ ಹೇಳಿದಳು:

"ಕುಡಿಯಾಕತ್ತಾಳ."